ಅವರು ಹೇಳಿದ್ದು

ಜಾಲ್ಸೂರು ಪೇಟೆಯಿಂದ ಸ್ವಲ್ಪ ಒಳಗೆ ಸೀತುವಿನ ಮನೆ. ಆ ಮನೆಯಲ್ಲಿ ಯಾವ ತೀರ್ಮಾನವೂ ಶೀನಪ್ಪನನ್ನು ಕೇಳದೆ ಆಗುವುದಿಲ್ಲ ಎಂಬುದು ಓಣಿಯವರಿಗೆಲ್ಲ ಗೊತ್ತು. ಬೆಳಿಗ್ಗೆ ಮೀನಿನ ಜಾಸಿರ್ ಸ್ಕೂಟರಿನ ಹಾರ್ನು ಒತ್ತುತ್ತ ಬಂದು ನಿಂತರೆ ಸೀತು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಪೆಟ್ಟಿಗೆಯೊಳಗೆ ಇಣುಕುವಳು.

“ಬಂಗುಡೆ ಇವತ್ತು ಬೇಡ ಜಾಸಿರ್. ಐಸಿನಲ್ಲಿ ಮಲಗಿ ಮಲಗಿ ಅದಕ್ಕೇ ಬೇಜಾರು ಬಂದಿದೆ ಅಂತ ಅವರು ಹೇಳಿದ್ರು.”

“ಒಳಗೆ ಕೂತು ನನ್ನ ಮೀನನ್ನು ಹೇಗೆ ನೋಡಿದ್ರು ಮಾರಾಯ್ರೆ ಶೀನಣ್ಣ?”

“ಅವರಿಗೆ ಅಲ್ಲಿಂದಲೇ ವಾಸನೆ ಗೊತ್ತಾಗ್ತದೆ.”

“ಆಯ್ತು. ನಾಳೆ ಬೂತಾಯಿ ತರ್ತೇನೆ ಅಂತ ಹೇಳಿ ಅವರಿಗೆ,” ಎಂದು ಜಾಸಿರ್ ನಗುತ್ತ ಸ್ಕೂಟರ್ ತಿರುಗಿಸುವನು.

ಶೀನಪ್ಪ ತೀರಿಕೊಂಡು ಆಗಲೇ ಎರಡು ಮಳೆಗಾಲ ಕಳೆದಿದ್ದವು.

ಸೀತುವಿಗೆ ತಲೆ ಕೆಟ್ಟಿರಲಿಲ್ಲ. ಹಾಗೆಂದು ಯಾರೂ ತಿಳಿದೂ ಇರಲಿಲ್ಲ. ಆ ಕಡೆಯ ಹೆಂಗಸರು ಮಾತಾಡುವ ರೀತಿಯೇ ಅದು. ಸೀರೆ ಮಾರುವವನು ಗಂಟು ಬಿಚ್ಚಲು ಹೊರಟರೆ ‘ಅವರು ಬೈತಾರೆ’. ಸಂಘದವರು ಪ್ರವಾಸಕ್ಕೆ ಕರೆದರೆ ‘ಅವರಲ್ಲಿ ಕೇಳ್ಬೇಕು’. ಮಗಳಿಗೆ ಬೇಡದ ಸಂಬಂಧ ಬಂದರೆ ‘ಅವರಿಗೆ ಮನಸ್ಸಿಲ್ಲ’. ಮನೆ ನಡೆಸುವವಳು ಹೆಂಡತಿ, ಹೆಸರು ಮಾತ್ರ ಗಂಡನದ್ದು. ಶೀನಪ್ಪನಂತೂ ಬದುಕಿದ್ದಾಗ ಇಂಥ ಯಾವ ವಿಷಯಕ್ಕೂ ಬಾಯಿ ಹಾಕಿದವನಲ್ಲ. ಕೇಳಿದರೆ “ನಿನಗೆ ಸರಿ ಕಂಡ ಹಾಗೆ ಮಾಡು” ಎಂದು ಹೇಳಿ ಬಚ್ಚಲಿನ ಕಡೆ ನಡೆಯುವನು. ತನ್ನ ಹೆಸರಿನಲ್ಲಿ ಅಷ್ಟು ಕಟ್ಟುನಿಟ್ಟಿನ ಯಜಮಾನನೊಬ್ಬ ಓಣಿಯಲ್ಲಿ ಓಡಾಡುತ್ತಿದ್ದಾನೆಂದು ತಿಳಿದಿದ್ದರೆ ಅವನೇ ನಗುತ್ತಿದ್ದ.

ಅವನು ಹೋದ ಮೇಲೆ ಸೀತು ಆ ಮಾತನ್ನು ನಿಲ್ಲಿಸಲಿಲ್ಲ, ಅಷ್ಟೆ. ನಿಲ್ಲಿಸಿದ್ದರೆ ದಿನವಿಡೀ ಅವನನ್ನು ನಾಲಿಗೆಯ ಮೇಲೆ ತರಲು ಬೇರೆ ನೆಪವೇ ಇರಲಿಲ್ಲ. ಕೊಲ್ಲಮೊಗ್ರಿಗೆ ಮದುವೆಯಾಗಿ ಹೋದ ಮಗಳು ಸುರಕ್ಷಾ ಸಂಜೆ ಫೋನು ಮಾಡಿದಾಗ ಅವಳೂ ಈ ಆಟಕ್ಕೆ ಸೇರಿಕೊಳ್ಳುತ್ತಿದ್ದಳು.

“ಅಪ್ಪ ಎಂತ ಹೇಳಿದ್ರಮ್ಮ ಇವತ್ತು?”

“ಮಗುವಿಗೆ ಶೀತ ಆಗದ ಹಾಗೆ ನೋಡ್ಕೊಳ್ಳಿಕ್ಕೆ ಹೇಳಿದ್ರು.”

ಅಷ್ಟರಲ್ಲೇ ಇಬ್ಬರಿಗೂ ಸ್ವಲ್ಪ ಹಗುರವಾಗುತ್ತಿತ್ತು.

ಶೀನಪ್ಪ ದುಡಿದದ್ದು ಊರಿನ ಹತ್ತಿರವೇ ಇದ್ದ ಸಿಮೆಂಟು ಶೀಟಿನ ಡಿಪೋದಲ್ಲಿ. ಮನೆಯ ಮಾಡಿಗೆ ಹಾಸುವ, ಆಸ್ಬೆಸ್ಟಾಸಿನ ನಾರು ಬೆರೆಸಿದ ಶೀಟುಗಳು ಲಾರಿಯಲ್ಲಿ ಬಂದು ಅಲ್ಲಿ ಇಳಿಯುತ್ತಿದ್ದವು. ಗಿರಾಕಿಯ ಅಳತೆಗೆ ಅವನ್ನು ಹಿಂದಿನ ಶೆಡ್ಡಿನಲ್ಲಿ ಮಿಷನಿಗೆ ಕೊಟ್ಟು ಕೊಯ್ಯುವುದು ಅವನ ಕೆಲಸ. ಆ ಶೆಡ್ಡಿಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ, ಸೀತು ಮಿಷನನ್ನು ಕಣ್ಣಿನಿಂದ ಕಂಡವಳಲ್ಲ. ಅವಳು ಕಂಡದ್ದು ಸಂಜೆ ಮನೆಗೆ ಬರುತ್ತಿದ್ದ ಅಂಗಿಯನ್ನು. ಒಗೆಯುವ ಕಲ್ಲಿನ ಹತ್ತಿರ ನಿಂತು ಕೊಡವಿದರೆ ಬೂದುಬಣ್ಣದ ಧೂಳಿನ ಹೊಡಿ ಮೇಲೆದ್ದು ಕರಿಬೇವಿನ ಗಿಡದ ಮೇಲೆ ಕೂರುತ್ತಿತ್ತು.

ಕೆಮ್ಮು ಶುರುವಾದದ್ದು ಡಿಪೋ ಬಿಟ್ಟು ಎಷ್ಟೋ ಕಾಲವಾದ ಮೇಲೆ. ಮೊದಲು ಕಫ ಎಂದರು, ಆಮೇಲೆ ಎದೆಯಲ್ಲಿ ನೀರು ತುಂಬಿದೆ ಎಂದರು. ಕೊನೆಗೆ ಮಂಗಳೂರಿನ ಡಾಕ್ಟರು, ಇದು ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್, ಆಸ್ಬೆಸ್ಟಾಸಿನ ಧೂಳು ಕುಡಿದವರಿಗೆ ವರ್ಷಗಳು ಕಳೆದ ಮೇಲೆ ಬರುವಂಥದ್ದು ಎಂದರು. ಶೀನಪ್ಪ ಅದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಡಾಕ್ಟರು ಆಚೆ ಹೋದ ಮೇಲೆ ಹೆಂಡತಿಯ ಕೈ ಹಿಡಿದುಕೊಂಡು ಒಂದಿಷ್ಟು ಮಾತು ಹೇಳಿದ. ಅದಾಗಿ ವಾರ ತುಂಬುವ ಮೊದಲೇ ತೀರಿಕೊಂಡ.

ಪರಿಹಾರಕ್ಕೆ ಕೇಸು ಹಾಕಬಹುದು ಎಂದು ಹೇಳಿದ್ದು ಅಳಿಯ. ಪುತ್ತೂರಿನಲ್ಲಿ ವಕೀಲೆಯಾಗಿದ್ದ ಫಾತಿಮತ್ ಝುಹ್ರಾಳ ಬಳಿಗೆ ಕರೆದುಕೊಂಡು ಹೋದವನೂ ಅವನೇ. ಝುಹ್ರಾ ಕಡಬದ ಕಡೆಯ ಹುಡುಗಿ, ಮದುವೆಯಾಗಿ ಪುತ್ತೂರಿಗೆ ಬಂದವಳು. ಡಿಪೋದವರು ಕೋರ್ಟಿಗೆ ಕೊಟ್ಟ ಉತ್ತರವನ್ನು ಅವಳು ಓದಿ ಹೇಳಿದಾಗ ಸೀತು ಕೂತಲ್ಲೇ ಮುಂದಕ್ಕೆ ಬಾಗಿದಳು. ಶೀನಪ್ಪ ಲಾರಿಯಿಂದ ಶೀಟು ಇಳಿಸುವ ಕೆಲಸ ಮಾತ್ರ ಮಾಡುತ್ತಿದ್ದ, ಶೀಟು ಕೊಯ್ಯುವ ಮಿಷನ್ ತಮ್ಮಲ್ಲಿ ಯಾವ ಕಾಲಕ್ಕೂ ಇರಲೇ ಇಲ್ಲ ಎಂದು ಅವರು ಬರೆದಿದ್ದರು. ಹಿಂದಿನ ಶೆಡ್ಡನ್ನು ಕೆಡವಿ ಅಲ್ಲಿ ಈಗ ಟೈಲ್ಸ್ ಜೋಡಿಸಿದ್ದರು.

“ಇರ್ಲೇ ಇಲ್ವಾ? ಹಾಗಾದ್ರೆ ಅವರು ನನ್ನತ್ರ ಸುಳ್ಳು ಹೇಳಿದ್ದಾ?”

“ಡಿಪೋದವರು ಹಾಗೆ ಬರೆಯುದೇ ಸೀತಕ್ಕ. ಇತ್ತು ಅಂತ ನಾವು ತೋರಿಸ್ಬೇಕು.”

ಪರಿಹಾರದ ಮಾತು ಆ ಗಳಿಗೆಯಲ್ಲಿ ಸೀತುವಿನ ಮನಸ್ಸಿನಿಂದ ಹೊರಟೇಹೋಯಿತು. ಮಿಷನಿನ ಮುಂದೆ ನಿಂತು ಸತ್ತವನಿಗೆ ಆ ಮಿಷನ್ನೇ ಇರಲಿಲ್ಲ ಎನ್ನುತ್ತಾರಲ್ಲ, ಅವನ ಬಾಯಿಂದ ಬಂದ ಮಾತನ್ನು ಯಾರಾದರೂ ಒಬ್ಬರು ನಿಜ ಎಂದು ಬರೆಯಬೇಕು. ಅವಳಿಗೆ ಬೇಕಾದದ್ದು ಅಷ್ಟು.

ಮಿಷನನ್ನು ಕಂಡವರಲ್ಲಿ ಊರಲ್ಲಿ ಉಳಿದವನು ಒಬ್ಬನೇ, ಶೀನಪ್ಪನ ಜೊತೆ ದುಡಿದ ಅರಂತೋಡಿನ ಗುರುವಪ್ಪ. ಸೀತು ಸುಳ್ಯದಲ್ಲಿ ಬಸ್ಸು ಬದಲಿಸಿ ಅವನ ಮನೆಗೆ ಹೋದಳು. ಗುರುವಪ್ಪ ಜಗಲಿಯಲ್ಲೇ ಕೂತಿದ್ದ. ಅವನ ಹೆಂಡತಿ ತಿಮ್ಮಕ್ಕ ಮಜ್ಜಿಗೆ ತಂದಿಟ್ಟಳು, ಸುರಕ್ಷಾಳ ಮಗುವಿನ ಬಗ್ಗೆ ಕೇಳಿದಳು.

“ಗುರುವಪ್ಪಣ್ಣ, ಮಿಷನ್ ಇತ್ತು ಅಂತ ಒಂದು ಮಾತು ಕೋರ್ಟಿನಲ್ಲಿ ಹೇಳಿದ್ರೆ ಸಾಕು,” ಎಂದಳು ಸೀತು.

ಗುರುವಪ್ಪ ರಸ್ತೆಯ ಕಡೆ ನೋಡಿದ. ತಿಮ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಅವರಿಗೆ ಈಗ ಹಳತೆಲ್ಲ ನೆನಪಿರುದಿಲ್ಲ ಸೀತಕ್ಕ.”

“ಇಲ್ಲೇ ಕೂತಿದ್ದಾರಲ್ಲ ತಿಮ್ಮಕ್ಕ. ಅವರೇ ಹೇಳ್ಲಿ.”

“ಅವರಿಗೆ ಕೋರ್ಟು ಕಚೇರಿ ಅಂದ್ರೆ ಆಗುದಿಲ್ಲ. ನಿನ್ನೆಯೂ ಹೇಳಿದ್ರು.” ತಿಮ್ಮಕ್ಕನ ದನಿ ತಗ್ಗಿತು. “ನಮ್ಮ ಮೋಕ್ಷಿತ್ ಆ ಡಿಪೋದಲ್ಲಿಯೇ ಲಾರಿ ಓಡಿಸುದು, ನಿಮಗೆ ಗೊತ್ತುಂಟಲ್ಲ.”

ಮಗನ ಕೆಲಸದ ವಿಷಯ ಬಂದ ಮೇಲೆ ಸೀತುವಿಗೆ ಹೆಚ್ಚು ಕೇಳುವ ಮನಸ್ಸಾಗಲಿಲ್ಲ. ಗಂಡನನ್ನು ಗೋಡೆಯ ಹಾಗೆ ಮುಂದೆ ನಿಲ್ಲಿಸಿ ಹಿಂದೆ ನಿಲ್ಲುವುದು ಅವಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ತಿಮ್ಮಕ್ಕನ ಗೋಡೆ ಮಾತ್ರ ಜೀವಂತ ಕೂತು ಮಜ್ಜಿಗೆ ಕುಡಿಯುತ್ತಿತ್ತು. ಎದ್ದು ಹೊರಡುವಾಗ ಗುರುವಪ್ಪ ಒಮ್ಮೆ ಕೆಮ್ಮಿದ.

“ಒಂದ್ಸಲ ಎದೆ ತೋರಿಸಿಕೊಳ್ಳಿ ಗುರುವಪ್ಪಣ್ಣ. ಅವರು ಹೇಳಿದ್ದಾರೆ,” ಎಂದಳು ಸೀತು.

ಬಸ್ಸು ಹತ್ತಿ ಕೂತ ಮೇಲೆ ಅವಳಿಗೆ ಯೋಚನೆ ಹತ್ತಿತು. ಈ ಮಾತನ್ನು ಅವರು ಆಸ್ಪತ್ರೆಯಲ್ಲಿ ನಿಜವಾಗಿ ಹೇಳಿದ್ದೋ, ತಾನೇ ಈಗ ಕಟ್ಟಿ ಹೇಳಿಬಿಟ್ಟದ್ದೋ? ಎಷ್ಟು ನೆನಪಿಸಿಕೊಂಡರೂ ಗೊತ್ತಾಗಲಿಲ್ಲ. ಪೆರಾಜೆ ದಾಟುವವರೆಗೂ ಅವಳು ಕಿಟಕಿಯ ಸರಳು ಹಿಡಿದು ಹಾಗೆಯೇ ಕೂತಿದ್ದಳು.

ಗುರುವಪ್ಪ ಬರುವುದಿಲ್ಲ ಎಂದು ತಿಳಿದಾಗ ಝುಹ್ರಾ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದಳು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

“ಇನ್ನು ನೀವೊಬ್ರೇ ಸೀತಕ್ಕ. ಸಮಾ ಕೇಳಿ. ಬೇರೆಯವರು ಹೇಳಿದ್ದನ್ನು ಕೇಳಿದೆ ಅಂತ ಬಂದು ಹೇಳಿದ್ರೆ ಕೋರ್ಟು ಸಾಧಾರಣಕ್ಕೆ ತಗೊಳ್ಳುದಿಲ್ಲ. ಹೇಳಿದವರನ್ನೇ ಕರ್ಕೊಂಡು ಬನ್ನಿ, ನಾವು ಅವರನ್ನು ಪ್ರಶ್ನೆ ಮಾಡ್ಬೇಕು ಅಂತಾರೆ.”

“ಅವರನ್ನು ಎಲ್ಲಿಂದ ಕರ್ಕೊಂಡು ಬರುದು?”

“ಅದಕ್ಕೇ ಒಂದು ದಾರಿ ಉಂಟು. ಒಬ್ಬ ಮನುಷ್ಯ ಹೇಗೆ ಸತ್ತ ಅನ್ನುದೇ ಕೇಸಿನ ವಿಷಯ ಆದ್ರೆ, ಅದರ ಬಗ್ಗೆ ಅವ ಸಾಯುವ ಮೊದಲು ಹೇಳಿದ್ದನ್ನು ಕೇಳಿದವರು ಬಂದು ಹೇಳ್ಬಹುದು. ಅವ ಇಲ್ಲದ ಕಾರಣ ಅವನ ಮಾತನ್ನೇ ಒಳಗೆ ಬಿಡ್ತಾರೆ. ಆದ್ರೆ ಅದು ಅವನದೇ ಮಾತು ಅಂತ ನ್ಯಾಯಾಧೀಶರಿಗೆ ನಂಬಿಕೆ ಬರ್ಬೇಕು. ಶೀನಣ್ಣ ಎಂತ ಹೇಳಿದ್ರೋ ಅಷ್ಟೇ ಹೇಳಿ. ಚಂದ ಮಾಡ್ಲಿಕ್ಕೆ ಹೋಗ್ಬೇಡಿ.”

“ನಾನ್ಯಾಕೆ ಚಂದ ಮಾಡ್ಲಿ ವಕೀಲ್ರೆ? ಅವರ ಮಾತು ಚಂದವೇ ಇರ್ಲಿಲ್ಲ,” ಎಂದಳು ಸೀತು. ಝುಹ್ರಾ ನಕ್ಕಳು.

ವಿಚಾರಣೆಯ ದಿನ ಸೀತು ಎಲ್ಲರಿಗಿಂತ ಮೊದಲೇ ಪುತ್ತೂರಿಗೆ ಬಂದು ಕೋರ್ಟಿನ ವರಾಂಡದ ಬೆಂಚಿನಲ್ಲಿ ಕೂತಳು. ಕರೆದಾಗ ಕಟಕಟೆ ಹತ್ತಿ, ಆಸ್ಪತ್ರೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು: ಇದು ಮಿಷನಿನ ಹೊಡಿ ಎಂದು ಶೀನಪ್ಪ ಹೇಳಿದ, ನೀರು ಬಿಟ್ಟು ಕೊಯ್ಯುತ್ತೇನೆ ಎಂದರೆ ಒದ್ದೆ ಶೀಟನ್ನು ಗಿರಾಕಿ ಒಯ್ಯುವುದಿಲ್ಲ ಎಂದು ಧಣಿ ಬಿಡಲಿಲ್ಲವಂತೆ, ಹೆಗಲ ಮೇಲಿನ ಬೈರಾಸು ಬಟ್ಟೆಯಿಂದ ಎಷ್ಟು ಬಾಯಿ ಕಟ್ಟಿದರೂ ಹೊಡಿ ಒಳಗೆ ಹೋಗುತ್ತಿತ್ತಂತೆ. ಡಿಪೋದ ವಕೀಲರು ಎದ್ದು ಇದೆಲ್ಲ ಕೇಳಿದ ಮಾತು, ಸಾಕ್ಷಿಯಲ್ಲ ಎಂದು ಆಕ್ಷೇಪ ಮಾಡಿದರು. ಆಕ್ಷೇಪವನ್ನು ಬರೆದುಕೊಳ್ಳಲಾಗುವುದು, ತೀರ್ಪಿನಲ್ಲಿ ನೋಡೋಣ ಎಂದರು ನ್ಯಾಯಾಧೀಶರು.

ಡಿಪೋದ ವಕೀಲರು ವಯಸ್ಸಾದವರು, ಮೆತ್ತಗಿನ ದನಿಯವರು. ಸೀತು ಅಂದುಕೊಂಡ ಹಾಗೆ ಗದರಿಸಲಿಲ್ಲ.

“ಅಮ್ಮ, ನೀವು ಮನೆಯಲ್ಲಿ ಬೀಡಿ ಕಟ್ಟುದಲ್ಲವಾ?”

“ಹೌದು.”

“ಹಾಗಾದ್ರೆ ನಿಮ್ಮ ಯಜಮಾನರಿಗೆ ಬೀಡಿಗೇನೂ ಬರ ಇರ್ಲಿಲ್ಲ.”

“ಕಟ್ಟುದು ನಾವು, ಸೇದುದು ಬೇರೆಯವರು. ಅವರಿಗೆ ಅದರ ವಾಸನೆಯೇ ಆಗ್ತಿರ್ಲಿಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ವಕೀಲರೂ ನಕ್ಕರು. ಸೀತುವಿನ ಭುಜ ಸ್ವಲ್ಪ ಸಡಿಲವಾಯಿತು.

“ಬೆಳಿಗ್ಗೆ ನಾನು ಬರುವಾಗಲೇ ನೀವು ಬಂದು ಕೂತಿದ್ರಿ. ಇಷ್ಟು ಬೇಗ ಯಾವ ಬಸ್ಸು ಸಿಕ್ಕಿತು ನಿಮಗೆ?”

“ಮೊದಲನೇದು. ಆಮೇಲಿನದ್ದರಲ್ಲಿ ಕಾವು ಕುಂಬ್ರದ ಮಕ್ಕಳೆಲ್ಲ ಹತ್ತಿ ನಿಲ್ಲಲಿಕ್ಕೂ ಜಾಗ ಇರುದಿಲ್ಲ, ಮೊದಲನೇದಕ್ಕೇ ಹೋಗು ಅಂತ ಅವರು ಹೇಳಿದ್ರು.”

“ಯಾರು?”

“ನಮ್ಮವರು.”

ಹೇಳಿದ ಮೇಲೆಯೇ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಝುಹ್ರಾ ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡದ್ದು ಕಂಡಿತು. ಈ ಸಲ ಹಿಂದಿನ ಬೆಂಚಿನವರ ನಗು ಬೇರೆಯಾಗಿತ್ತು. ನ್ಯಾಯಾಧೀಶರು ತಲೆಯೆತ್ತಿದ ಮೇಲೆ ಅದು ನಿಂತಿತು.

“ಯಾವಾಗ ಹೇಳಿದ್ರು ಅಮ್ಮ? ಇವತ್ತು ಬೆಳಿಗ್ಗೆಯಾ?”

ಸೀತು ಝುಹ್ರಾಳ ಕಡೆ ನೋಡಿದಳು.

“ತೀರಿಹೋಗಿ ಎರಡು ವರ್ಷ ಆದವರು ಇವತ್ತಿನ ಬಸ್ಸಿನ ಬಗ್ಗೆ ಹೇಳ್ತಾರೆ.” ವಕೀಲರ ದನಿ ಈಗಲೂ ಮೆತ್ತಗೇ ಇತ್ತು. “ನಾನು ತಮಾಷೆ ಮಾಡುದಲ್ಲ. ನಿಮ್ಮ ದುಃಖ ನನಗೆ ಗೊತ್ತಾಗ್ತದೆ. ಆದ್ರೆ ನಿಮಗೆ ಹೇಳ್ಲಿಕ್ಕಿರುದನ್ನೆಲ್ಲ ನೀವು ಅವರ ಬಾಯಿಗೆ ಹಾಕುದು. ಮಿಷನಿನ ಮಾತೂ ಹಾಗೆಯೇ ಹಾಕಿದ್ದಲ್ಲವಾ?”

ಕಟಕಟೆಯ ಮರ ಎಷ್ಟೋ ಜನರ ಕೈ ಸವರಿ ನುಣ್ಣಗಾಗಿತ್ತು. ಸೀತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಾಯಿತಪ್ಪಿ ಬಂತು ಎಂದು ಹೇಳಬಹುದಿತ್ತು. ಆದರೆ ಜಾಲ್ಸೂರಿನ ಯಾರನ್ನು ಕರೆಸಿ ಕೇಳಿದರೂ, ಇವಳು ದಿನಾ ಹೀಗೆಯೇ ಹೇಳುವುದು ಎಂದು ನಗುತ್ತ ಹೇಳಿಯಾರು. ಹಾಗಾದರೆ ಆಸ್ಪತ್ರೆಯ ಮಾತೂ ಬಂಗುಡೆಯ ಮಾತಿನ ಜೊತೆಗೆ ಸೇರಿಹೋಗುತ್ತದೆ. ಅವನು ನಿಜವಾಗಿ ಹೇಳಿದ್ದನ್ನು ಉಳಿಸಿಕೊಳ್ಳಬೇಕಾದರೆ ಉಳಿದದ್ದನ್ನೆಲ್ಲ ಬೇರೆ ತೆಗೆದು ಇಲ್ಲೇ, ಇಷ್ಟು ಜನರ ಮುಂದೆ ಹಾಕಬೇಕು. ಎರಡು ವರ್ಷ ಅವಳ ಜೊತೆಗೆ ಮನೆಯಲ್ಲಿದ್ದದ್ದು ಆ ಉಳಿದದ್ದೇ.

“ಬಸ್ಸಿನ ಮಾತು ನಾನೇ ಹಾಕಿದ್ದು,” ಎಂದಳು.

“ಸ್ವಲ್ಪ ಜೋರಾಗಿ ಹೇಳಿ ಅಮ್ಮ,” ಎಂದರು ನ್ಯಾಯಾಧೀಶರು.

“ಬಸ್ಸಿನದ್ದು ನಾನೇ ಹಾಕಿದ್ದು ಸ್ವಾಮಿ. ಮೀನು ಬೇಡ ಅಂತ ಹೇಳುದೂ ನಾನೇ, ಮಗಳಿಗೆ ಬುದ್ಧಿ ಹೇಳುದೂ ನಾನೇ. ಅವರು ಹೋದ ಮೇಲೆ ಒಂದು ಮಾತೂ ಆಡ್ಲಿಲ್ಲ. ಒಂದು ದಿನವೂ ಆಡ್ಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಹಾಗಾಗಿ ನಾನು ಹೇಳಿಕೊಳ್ಳುದು.”

ವಕೀಲರು ಮುಂದಿನ ಪ್ರಶ್ನೆಗೆ ಬಾಯಿ ತೆರೆದರು. ನ್ಯಾಯಾಧೀಶರು ಕೈಯೆತ್ತಿ ತಡೆದರು.

“ಹಾಗಾದರೆ ಆಸ್ಪತ್ರೆಯ ಮಾತು?”

“ಅದು ನಾನು ಹಾಕಿದ್ದಲ್ಲ.”

“ನಮಗೆ ಹೇಗೆ ಗೊತ್ತಾಗಬೇಕಮ್ಮ?”

ಸೀತುವಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಆ ಹಾಸಿಗೆ, ತನ್ನ ಕೈ ಹಿಡಿದ ಆ ಒಣಗಿದ ಬೆರಳುಗಳು ಕಣ್ಣಿಗೆ ಬಂದವು.

“ನಾನು ಅವರ ಬಾಯಿಗೆ ಹಾಕುದು ನನಗೆ ಬೇಕಾದ ಮಾತು ಸ್ವಾಮಿ. ಅವತ್ತು ಅವರು ಹೇಳಿದ್ದು ನನಗೆ ಬೇಡದ ಮಾತು. ‘ಇದು ಮಿಷನಿನ ಹೊಡಿ ಸೀತು, ಇನ್ನು ಇದು ನನ್ನನ್ನು ಬಿಡುದಿಲ್ಲ’ ಅಂತ ಹೇಳಿದ್ರು. ಹಾಗೆ ಹೇಳ್ಬೇಡಿ ಅಂತ ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಕೈ ತೆಗೆದು ಮತ್ತೆ ಹೇಳಿದ್ರು. ನಾನೇ ಹಾಕುದಾದ್ರೆ, ‘ಗುಣ ಆಗ್ತದೆ, ನಾಡಿದ್ದು ಮನೆಗೆ ಹೋಗುವ’ ಅಂತ ಹಾಕ್ತಿದ್ದೆ. ಅದನ್ನು ಅವರ ಬಾಯಿಂದ ಕೇಳ್ಲಿಕ್ಕೆ ನಾನು ಎಷ್ಟು ಕಾದಿದ್ದೇನೆ. ಅವರು ಹೇಳ್ಲೇ ಇಲ್ಲ.”

ಡಿಪೋದ ವಕೀಲರು ಕೈಯಲ್ಲಿದ್ದ ಕಾಗದವನ್ನು ಮಡಚಿ, ಬೇರೆ ಪ್ರಶ್ನೆ ಇಲ್ಲ ಎಂದು ಹೇಳಿ ಕೂತರು.

ಟೈಪು ಮಾಡುವ ಹುಡುಗಿ ಹೇಳಿಕೆಯನ್ನು ಓದಿ ಹೇಳಿದಳು. ಸೀತು ಆಡಿದ ಮಾತು ಅಲ್ಲಿ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ನೇರವಾಗಿತ್ತು. ‘ನನ್ನ ಗಂಡನು ಮೃತಪಟ್ಟ ನಂತರ ನನ್ನೊಡನೆ ಏನನ್ನೂ ಮಾತನಾಡಿರುವುದಿಲ್ಲ ಎಂದರೆ ಸರಿ.’

“ಅದೊಂದು ಇರ್ಲೇಬೇಕಾ?” ಎಂದು ಸೀತು ಮೆಲ್ಲಗೆ ಕೇಳಿದಳು.

“ನೀವೇ ಹೇಳಿದ್ದಲ್ಲವಾ ಅಮ್ಮ?” ಹುಡುಗಿಗೆ ಗಾಬರಿಯಾಯಿತು.

“ಹೌದು. ನಾನೇ ಹೇಳಿದ್ದು.” ಸೀತು ಸಹಿ ಹಾಕಿದಳು.

ಬಸ್‌ಸ್ಟ್ಯಾಂಡಿನವರೆಗೂ ಝುಹ್ರಾ ಜೊತೆಗೆ ಬಂದಳು. ಒಳ್ಳೆಯದಾಗಿದೆ ಎಂದೂ ಹೇಳಲಿಲ್ಲ, ಕೆಟ್ಟದಾಗಿದೆ ಎಂದೂ ಹೇಳಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, “ಮನೆಗೆ ಹೋಗಿ ಬಿಸಿ ಎಂತಾದ್ರೂ ಕುಡಿಯಿರಿ ಸೀತಕ್ಕ,” ಎಂದಳು. ತನ್ನ ಬಾಯಿಂದ ತನ್ನದೇ ಮಾತಾಗಿ.

ಅಂದು ಸಂಜೆ ಸುರಕ್ಷಾ ಫೋನು ಮಾಡಿದಳು. ಕೋರ್ಟಿನ ಸುದ್ದಿ ಕೇಳಿದ ಮೇಲೆ, ಅಮ್ಮನ ದನಿ ಸಣ್ಣಗಾಗಿದೆ ಎಂದು ಅನಿಸಿತೋ ಏನೋ, ಎಂದಿನ ಹಾಗೆ ಕೇಳಿದಳು.

“ಅಪ್ಪ ಎಂತ ಹೇಳಿದ್ರು?”

ಸೀತು ಬಾಯಿ ತೆರೆದಳು. ಸುಮ್ಮನೆ ಹೇಳಿದ್ದರೆ ಆಗುತ್ತಿತ್ತು, ಯಾರು ಬಂದು ಕೇಳುತ್ತಾರೆ? ಆದರೆ ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ ಆಡಿದ ಮಾತನ್ನು ಮನೆಗೆ ಬಂದು ಮುರಿದರೆ, ಅದರ ಜೊತೆಗೆ ಹೇಳಿದ ಇನ್ನೊಂದು ಮಾತೂ ಸುಳ್ಳಾಗುತ್ತದೆ ಎಂದು ಅವಳಿಗೆ ಅನಿಸಿತು.

“ಎಂತದೂ ಹೇಳ್ಲಿಲ್ಲ ಮಗ,” ಎಂದಳು.

ಆಚೆಯ ಕಡೆ ಮಗು ಅಳುವುದು ಕೇಳಿಸಿತು. “ಇಡ್ತೇನಮ್ಮ,” ಎಂದು ಇಟ್ಟಳು.

ಆಮೇಲಿನ ವಾರಗಳಲ್ಲಿ ಸೀತುವಿನ ಮಾತು ಕಡಿಮೆಯಾಯಿತು. ಬೇಡ ಎನ್ನಬೇಕಾದಲ್ಲಿ ಬೇಡ ಎಂದಳು, ಬೇಕು ಎನ್ನಬೇಕಾದಲ್ಲಿ ಬೇಕು ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಏನೂ ಇರಲಿಲ್ಲ. ಸಂಘದ ಹೆಂಗಸರು ಸೀತಕ್ಕನಿಗೆ ಗತ್ತು ಬಂದಿದೆ ಎಂದುಕೊಂಡರು. ಮನೆಯೊಳಗೆ ಮಧ್ಯಾಹ್ನಗಳು ಉದ್ದವಾದವು. ಬೀಡಿಯ ಎಲೆ ಕತ್ತರಿಸುವ ಕತ್ತರಿಯ ಸದ್ದು ಅವಳಿಗೆ ಈ ಮೊದಲು ಅಷ್ಟು ದೊಡ್ಡದಾಗಿ ಕೇಳಿಸಿರಲಿಲ್ಲ. ಶೀನಪ್ಪ ತೀರಿಕೊಂಡದ್ದು ಈಗ ಎಂದು ಅವಳಿಗೆ ಒಂದೊಂದು ಸಲ ಅನಿಸುತ್ತಿತ್ತು.

ತೀರ್ಪು ಬಂದದ್ದು ಒಂದು ಶುಕ್ರವಾರ. ಝುಹ್ರಾ ಕೋರ್ಟಿನ ಮೆಟ್ಟಿಲಿನಿಂದಲೇ ಫೋನು ಮಾಡಿದಳು. ಹಿಂದೆ ಜನರ ಗದ್ದಲ ಇತ್ತು.

“ಸೀತಕ್ಕ, ತಗೊಂಡಿದ್ದಾರೆ! ಶೀನಣ್ಣನ ಮಾತನ್ನು ಸಾಕ್ಷಿ ಅಂತ ತಗೊಂಡಿದ್ದಾರೆ. ಮಿಷನ್ ಇತ್ತು, ಅದರ ಮುಂದೆ ನಿಂತು ಕೆಲಸ ಮಾಡಿದ್ದು ಅವರೇ, ಆ ಹೊಡಿಯಿಂದಲೇ ಹೋದದ್ದು ಅಂತ ಬರೆದಿದ್ದಾರೆ. ಪರಿಹಾರ ಕೊಡ್ಲಿಕ್ಕೆ ಹೇಳಿದ್ದಾರೆ. ಡಿಪೋದವರು ಮೇಲಿನ ಕೋರ್ಟಿಗೆ ಹೋಗ್ಬಹುದು, ಹೋಗ್ಲಿ, ನಾವು ನೋಡುವ. ಕೇಳ್ತಾ ಉಂಟಾ ನಿಮಗೆ?”

“ಕೇಳ್ತಾ ಉಂಟು. ಅವರು ಸುಳ್ಳು ಹೇಳ್ಲಿಲ್ಲ ಅಂತ ಆಯ್ತಲ್ಲ?”

“ಆಯ್ತು ಸೀತಕ್ಕ.”

“ನಿಮಗೆ ಒಳ್ಳೆದಾಗ್ಲಿ ಮಗ.”

ಫೋನು ಇಟ್ಟು ಸೀತು ಸ್ವಲ್ಪ ಹೊತ್ತು ನಡುಮನೆಯಲ್ಲಿ ನಿಂತಳು. ಸುರಕ್ಷಾಳಿಗೆ ಹೇಳಬೇಕು, ಅಳಿಯನಿಗೆ ಹೇಳಬೇಕು. ಗುರುವಪ್ಪಣ್ಣನಿಗೂ ತಿಳಿಸಬೇಕು, ಎದೆ ತೋರಿಸಿಕೊಳ್ಳಿ ಎಂದು ಈ ಸಲ ತನ್ನದೇ ಮಾತಿನಲ್ಲಿ ಹೇಳಬೇಕು. ಆದರೆ ಇದನ್ನು ಎಲ್ಲರಿಗಿಂತ ಮೊದಲು ಯಾರಿಗೆ ಹೇಳಬೇಕಿತ್ತೋ ಅವರು ಇರಲಿಲ್ಲ. ಅವರು ಮಾತಾಡುವುದಿಲ್ಲ ಎಂದು ಅವಳೇ ಸಹಿ ಹಾಕಿ ಬಂದಿದ್ದಳು.

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಉರಿ ಸಣ್ಣ ಮಾಡಿ, ಮಣೆ ಎಳೆದುಕೊಂಡು ಗೋಡೆಗೆ ಒರಗಿ ಕೂತಳು. ಕೋರ್ಟಿನಲ್ಲಿ ಅವಳನ್ನು ಅಷ್ಟೆಲ್ಲ ಕೇಳಿದ್ದರು. ಅವರು ಹೇಳುತ್ತಾರೋ ಎಂದು ಕೇಳಿದ್ದರು, ಯಾವಾಗ ಹೇಳಿದರು ಎಂದು ಕೇಳಿದ್ದರು. ಅವರಿಗೆ ಕೇಳಿಸುತ್ತದೋ ಇಲ್ಲವೋ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

“ಇದಾ, ಕೇಳಿ,” ಎಂದು ಶುರುಮಾಡಿದಳು ಸೀತು. “ಈಗ ಆ ಹುಡುಗಿ ಪುತ್ತೂರಿನಿಂದ ಫೋನು ಮಾಡಿದ್ಲು.”